ಕಂಪನದಿಂದ ವಿದ್ಯುತ್: ಮಲೆನಾಡಿನ ಪಂಪುಮನೆಯಿಂದ ಬರುವ ಪದೇ ಪದೇ ಕೇಳುವ ಪ್ರಶ್ನೆಗಳು

ತೀರ್ಥಹಳ್ಳಿ, ಸಾಗರ, ಹೊಸನಗರದ ಕಡೆಯ ಕೃಷಿಕರು, ಶಿವಮೊಗ್ಗದ ಇಂಜಿನಿಯರಿಂಗ್ ವಿದ್ಯಾರ್ಥಿಗಳು ಮತ್ತು ಮೋಟಾರು ದುರಸ್ತಿ ಮಾಡುವವರು ಮಾತಿನಲ್ಲಿ, ಪತ್ರಗಳಲ್ಲಿ ಮರಳಿ ಮರಳಿ ಕೇಳುವ ಪ್ರಶ್ನೆಗಳನ್ನು ಇಲ್ಲಿ ಸುಲಭದಿಂದ ಕಠಿಣದ ಕಡೆಗೆ ಜೋಡಿಸಿದೆ. ಹೆಚ್ಚಿನ ಉತ್ತರಗಳನ್ನು ಬಿಡಿಯಾಗಿ ಓದಬಹುದು. ಲೆಕ್ಕಗಳಲ್ಲಿರುವ ಅಂಕಿಗಳನ್ನು ಉದಾಹರಣೆಗೆಂದು ಇಟ್ಟುಕೊಂಡಿದೆ. ಅವುಗಳ ಜಾಗದಲ್ಲಿ ನಿಮ್ಮ ಯಂತ್ರದ ಅಂಕಿಗಳನ್ನು ಅಳೆದು ಹಾಕಿಕೊಳ್ಳಬೇಕು.

## ಆರಂಭದ ಪ್ರಶ್ನೆಗಳು

ಪಂಪ್ ನಡುಗೋದ್ರಿಂದ ಕರೆಂಟ್ ತೆಗೀಬಹುದಂತೆ, ಹೌದಾ? ಎಷ್ಟು ಬರುತ್ತೆ?

ಹೌದು, ತೆಗೆಯಬಹುದು; ಆದರೆ ಬರುವುದು ದೀಪ ಉರಿಸುವಷ್ಟಲ್ಲ. ಅಂಗೈಯಲ್ಲಿ ಹಿಡಿಯುವ ಸಾಧನವೊಂದನ್ನು ಸಾಧಾರಣವಾಗಿ ನಡುಗುವ ಮೋಟಾರಿನ ಮೇಲೆ ಕೂರಿಸಿದರೆ ಮಿಲಿವಾಟ್‌ನ ಹತ್ತರಲ್ಲೊಂದು ಭಾಗದಿಂದ ಕೆಲವು ಮಿಲಿವಾಟ್‌ವರೆಗೆ ಸಿಗುತ್ತದೆ. ಒಂದು ಉಷ್ಣಾಂಶ ಸಂವೇದಕವನ್ನು ಎಚ್ಚರಿಸಿ, ಅಳತೆ ಮಾಡಿಸಿ, ಅದನ್ನು ರೇಡಿಯೋ ಮೂಲಕ ಮನೆಗೆ ಕಳಿಸಿ ಮತ್ತೆ ಮಲಗಿಸುವುದಕ್ಕೆ ಅಷ್ಟು ಸಾಕು. ಈ ತಂತ್ರದ ಮೂಲ ಹಳೆಯದು: ಸುರುಳಿಯ ಬಳಿ ಅಯಸ್ಕಾಂತ ಚಲಿಸಿದರೆ ವಿದ್ಯುತ್ ಹುಟ್ಟುತ್ತದೆಂದು ಫ್ಯಾರಡೆ 1831ರಲ್ಲಿ ತೋರಿಸಿದರು, ಕೆಲವು ಹರಳುಗಳನ್ನು ಒತ್ತಿದಾಗ ಅವುಗಳ ಮೇಲ್ಮೈಯಲ್ಲಿ ವಿದ್ಯುದಾವೇಶ ಮೂಡುವ ಪೀಜೋ ಪರಿಣಾಮವನ್ನು ಕ್ಯೂರಿ ಸೋದರರು 1880ರಲ್ಲಿ ಕಂಡರು. ಹೊಸದಾಗಿ ಬಂದದ್ದು ಕಡಿಮೆ ವಿದ್ಯುತ್ತಿನಲ್ಲಿ ನಡೆಯುವ ಚಿಪ್‌ಗಳು. ಅವು ಬಂದ ಮೇಲೆಯೇ ಇಷ್ಟು ಸಣ್ಣ ಮೊತ್ತಕ್ಕೆ ಬೆಲೆ ಬಂದಿತು.

ಸೋಲಾರ್ ಇದೆ, ಬ್ಯಾಟರಿ ಇದೆ. ಇದರ ರಗಳೆ ಯಾಕೆ?

ಈ ಪ್ರಶ್ನೆಯನ್ನು ಯೋಜನೆಯ ಮೊದಲ ದಿನವೇ ಕೇಳಿಕೊಳ್ಳಬೇಕು. ದಟ್ಟವಾದ ಅಡಿಕೆ ತೋಟದ ನೆರಳಿನಲ್ಲಿ, ಅದರಲ್ಲೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಸಣ್ಣ ಸೋಲಾರ್ ಫಲಕವನ್ನು ನಂಬುವುದು ಕಷ್ಟ ಎಂಬುದು ಸರಿ. ಆದರೆ ಬ್ಯಾಟರಿಯ ಲೆಕ್ಕ ಬೇರೆ. ಪೆನ್‌ಸೆಲ್ ಗಾತ್ರದ, 3.6 ವೋಲ್ಟ್, 2.4 ಆಂಪಿಯರ್-ಗಂಟೆಯ ಲಿಥಿಯಂ ಕೋಶದಲ್ಲಿ ಸುಮಾರು 31,000 ಜೂಲ್ ಇರುತ್ತದೆ. ನಿಮ್ಮ ಸಂವೇದಕಕ್ಕೆ ದಿನಕ್ಕೆ 1 ಜೂಲ್ ಸಾಕಾದರೆ ಆ ಕೋಶ ಖರ್ಚಾಗುವುದಕ್ಕಿಂತ ಮೊದಲು ಹಳೆಯದಾಗಿಯೇ ಸಾಯುತ್ತದೆ. ಅಂಥ ಕಡೆ ಕಂಪನದ ಸಾಧನ ಕಟ್ಟುವುದು ಕಲಿಕೆಗೆ ಒಳ್ಳೆಯದು, ಉಳಿತಾಯಕ್ಕಲ್ಲ. ಬೇಡಿಕೆ ಸತತವಾಗಿ 1 ಮಿಲಿವಾಟ್ ಇದ್ದರೆ, ಅಂದರೆ ದಿನಕ್ಕೆ 86 ಜೂಲ್, ಅದೇ ಕೋಶ ಒಂದು ವರ್ಷದಲ್ಲಿ ಮುಗಿಯುತ್ತದೆ. ಹಗಲಿರುಳು ತಿರುಗುವ ಮೋಟಾರುಗಳು ನೂರಾರು ಇರುವ ಕಾರ್ಖಾನೆಯಲ್ಲಿ ಅಥವಾ ಜಲವಿದ್ಯುತ್ ಕೇಂದ್ರದಲ್ಲಿ ಪ್ರತಿ ವರ್ಷ ಅಷ್ಟೂ ಕೋಶ ಬದಲಿಸುವ ಕೆಲಸವನ್ನು ಕಂಪನದ ಸಾಧನ ತಪ್ಪಿಸಬಲ್ಲದು. ಸೌತಾಂಪ್ಟನ್‌ನಲ್ಲಿ ಹುಟ್ಟಿದ ಪರ್ಪೆಚುಯಂ ಎಂಬ ಸಂಸ್ಥೆ ರೈಲು ಬೋಗಿಗಳ ಬೇರಿಂಗ್ ಮೇಲೆ ಕಣ್ಣಿಡುವ ಸಂವೇದಕಗಳನ್ನು ಹೀಗೆಯೇ ನಡೆಸಿ ತೋರಿಸಿದೆ.

ಆಗುಂಬೆಯಲ್ಲಿ ಅಷ್ಟು ಮಳೆ ಬೀಳುತ್ತಲ್ಲ, ಹನಿ ಹೊಡೆಯೋ ಪೆಟ್ಟಿನಿಂದಲೇ ವಿದ್ಯುತ್ ಮಾಡಿದರೆ?

ಲೆಕ್ಕ ಹಾಕಿ ನೋಡೋಣ. ಒಂದು ಚದರ ಮೀಟರಿನ ಮೇಲೆ ಒಂದು ದಿನದಲ್ಲಿ 100 ಮಿಲಿಮೀಟರ್ ಮಳೆ ಎಂದರೆ 100 ಕಿಲೋಗ್ರಾಂ ನೀರು. ಎಲ್ಲ ಹನಿಗಳೂ ಸೆಕೆಂಡಿಗೆ 8 ಮೀಟರ್ ವೇಗದಲ್ಲಿ ಬಿದ್ದವೆಂದು ಉದಾರವಾಗಿಯೇ ಹಿಡಿದರೂ ಅವುಗಳ ಚಲನಶಕ್ತಿ 3,200 ಜೂಲ್, ಇಡೀ ದಿನಕ್ಕೆ ಹಂಚಿದರೆ 37 ಮಿಲಿವಾಟ್. ಇದರ ಬಹುಪಾಲು ನೀರು ಚಿಮ್ಮುವುದರಲ್ಲೇ ಹೋಗುತ್ತದೆ. ಪೀಜೋ ಹಾಳೆಗೆ ದಕ್ಕುವುದು ಅಲ್ಪ ಪಾಲು. ಅದೇ 100 ಕಿಲೋಗ್ರಾಂ ನೀರನ್ನು ಒಟ್ಟುಮಾಡಿ ಹತ್ತು ಮೀಟರ್ ಎತ್ತರದಿಂದ ಕೊಳವೆಯಲ್ಲಿ ಇಳಿಸಿದರೆ 9,800 ಜೂಲ್ ಇರುತ್ತದೆ, ಮೇಲಾಗಿ ಅದನ್ನು ಚಕ್ರ ತಿರುಗಿಸಿ ಹಿಡಿಯುವುದು ಸುಲಭ. ಹಳ್ಳದ ನೀರಿನಿಂದ ಮನೆಗೆ ಬೇಕಾದ ವಿದ್ಯುತ್ ಮಾಡಿಕೊಂಡಿರುವ ಮಲೆನಾಡಿನ ಮನೆಗಳು ಸರಿಯಾದ ದಾರಿಯನ್ನೇ ಹಿಡಿದಿವೆ.

ಶಿವಮೊಗ್ಗ ಬಸ್ ನಿಲ್ದಾಣದ ನೆಲಕ್ಕೆ ಪೀಜೋ ಟೈಲ್ಸ್ ಹಾಕಿದರೆ ದೀಪ ಉರಿಯುತ್ತಾ?

65 ಕಿಲೋಗ್ರಾಂ ತೂಕದ ವ್ಯಕ್ತಿ ಕಾಲಿಟ್ಟಾಗ ಟೈಲ್ 5 ಮಿಲಿಮೀಟರ್ ಕುಸಿದರೆ ಹೆಚ್ಚೆಂದರೆ 3.2 ಜೂಲ್ ಸಿಗುತ್ತದೆ. ಹತ್ತು ಸಾವಿರ ಹೆಜ್ಜೆಗೆ 32,000 ಜೂಲ್, ಅಂದರೆ ಒಂದು ಯೂನಿಟ್‌ನ ನೂರರಲ್ಲೊಂದು ಭಾಗಕ್ಕಿಂತ ಕಡಿಮೆ. ಗಡುಸಾದ ಪೀಜೋ ಟೈಲ್ ಅಷ್ಟು ಕುಸಿಯುವುದೂ ಇಲ್ಲ. ಮೇಲಾಗಿ ಆ ಶಕ್ತಿ ಪುಕ್ಕಟೆ ಬರುವುದಲ್ಲ, ನಡೆಯುವವರ ಕಾಲಿನಿಂದ ಬರುವುದು. ಮೂಟೆ ಹೊತ್ತವರ, ವಯಸ್ಸಾದವರ ಕಾಲಿನಿಂದಲೂ.

ಅಡಿಕೆ ಮರ ಗಾಳಿಗೆ ಅಷ್ಟು ತೂಗಾಡುತ್ತೆ. ಅದಕ್ಕೆ ಕಟ್ಟಬಹುದಲ್ಲ?

ತೂಗಾಟ ದೊಡ್ಡದು, ಆದರೆ ಬಹಳ ನಿಧಾನ. ತೊಡಕು ಇರುವುದು ಅಲ್ಲಿಯೇ. ಸ್ಪ್ರಿಂಗ್‌ಗೆ ತೂಗಿಸಿದ ತೂಕವೊಂದು ಸೆಕೆಂಡಿಗೆ ಒಂದು ಸಲ ಆಡುವಂತೆ ಮಾಡಬೇಕಾದರೆ ಆ ಸ್ಪ್ರಿಂಗ್ ತನ್ನ ಭಾರಕ್ಕೇ 25 ಸೆಂಟಿಮೀಟರ್ ಜೋತುಬೀಳುವಷ್ಟು ಮೆದುವಾಗಿರಬೇಕು. ಎರಡು ಸೆಕೆಂಡಿಗೆ ಒಂದು ಸಲವಾದರೆ ಜೋತುಬೀಳುವುದು ಒಂದು ಮೀಟರ್. ಲೋಲಕ ಕಟ್ಟಿದರೂ ಬೇಕಾಗುವ ಉದ್ದ ಅಷ್ಟೇ. ಆದ್ದರಿಂದ ಸಣ್ಣ ಡಬ್ಬಿಯೊಳಗೆ ಮರದ ಲಯಕ್ಕೆ ಹೊಂದುವ ಅನುರಣನವನ್ನು (ತಳ್ಳುವ ಲಯವೂ ಸಾಧನದ ಸಹಜ ಲಯವೂ ಒಂದಾಗಿ ಆಟ ದೊಡ್ಡದಾಗುವುದನ್ನು) ಸಾಧಿಸಲಾಗುವುದಿಲ್ಲ.

## ವಿನ್ಯಾಸದ ಪ್ರಶ್ನೆಗಳು

ಕೆಲಸ ಶುರುಮಾಡೋಕೆ ಮೊದಲು ಏನು ಅಳೀಬೇಕು? ಫೋನ್ ಸಾಕಾಗುತ್ತಾ?

ಮೊದಲ ಅಂದಾಜಿಗೆ ಫೋನ್ ಸಾಕು. ಅದರ ವೇಗೋತ್ಕರ್ಷ ಸಂವೇದಕ ಸೆಕೆಂಡಿಗೆ 200 ಮಾದರಿ ತೆಗೆಯುತ್ತಿದ್ದರೆ 100 ಹರ್ಟ್ಜ್‌ಗಿಂತ, ಅಂದರೆ ಸೆಕೆಂಡಿಗೆ 100 ಸಲಕ್ಕಿಂತ, ಕೆಳಗಿನ ಕಂಪನ ಮಾತ್ರ ಸರಿಯಾಗಿ ಕಾಣುತ್ತದೆ. ಅದಕ್ಕಿಂತ ಮೇಲಿನದು ತಪ್ಪು ಆವೃತ್ತಿಯ ವೇಷದಲ್ಲಿ ಕೆಳಗೆ ಬಂದು ಕೂರುತ್ತದೆ. ಹತ್ತು ಸೆಕೆಂಡ್ ದಾಖಲಿಸಿದರೆ ಆವೃತ್ತಿಯನ್ನು 0.1 ಹರ್ಟ್ಜ್‌ನ ಮಟ್ಟಿಗೆ ಬಿಡಿಸಿ ನೋಡಬಹುದು. ಫೋನನ್ನು ಮೋಟಾರಿನ ಮೇಲೆ ಸುಮ್ಮನೆ ಇಡದೆ ಬಿಗಿಯಾಗಿ ಕಟ್ಟಬೇಕು, ಮೂರು ದಿಕ್ಕುಗಳಲ್ಲೂ ನೋಡಬೇಕು, ಪಾದ, ಬೇರಿಂಗ್ ಕವಚ, ನೀರಿನ ಕೊಳವೆ ಎಂದು ಜಾಗ ಬದಲಿಸಿ ನೋಡಬೇಕು. ಒಂದೇ ಯಂತ್ರದಲ್ಲಿ ಒಂದು ಗೇಣು ಅಂತರಕ್ಕೆ ಕಂಪನ ಎರಡು ಪಟ್ಟಾಗಿದ್ದರೆ ಸಾಮರ್ಥ್ಯ ನಾಲ್ಕು ಪಟ್ಟಾಗುತ್ತದೆ. ವಾರಗಟ್ಟಲೆ ಲೆಕ್ಕ ಹಾಕಿ ವಿನ್ಯಾಸ ತಿದ್ದಿದರೂ ಅಷ್ಟು ಲಾಭ ಸಿಗುವುದು ಅಪರೂಪ.

ಎಲ್ಲಕ್ಕಿಂತ ಮುಖ್ಯವಾದದ್ದು ಒಂದು ಸಲದ ಅಳತೆಯಲ್ಲ, ಇಡೀ ದಿನದ ಅಳತೆ. ಬೆಳಗ್ಗೆ ವೋಲ್ಟೇಜ್ ಚೆನ್ನಾಗಿದ್ದಾಗ, ಸಂಜೆ ಇಳಿದಾಗ, ಹಳ್ಳದ ನೀರು ತಗ್ಗಿದಾಗ ಪಂಪ್ ಯಾವ ವೇಗದಲ್ಲಿ ಎಷ್ಟು ಹೊತ್ತು ತಿರುಗಿತು ಎಂಬ ದಾಖಲೆ ಕೈಯಲ್ಲಿರಬೇಕು. ಮುಂದಿನ ಪ್ರತಿಯೊಂದು ತೀರ್ಮಾನವೂ ಅದರ ಮೇಲೆಯೇ ನಿಲ್ಲುತ್ತದೆ. ಕೊಳವೆಬಾವಿಯ ಸಬ್‌ಮರ್ಸಿಬಲ್ ಪಂಪ್ ಇದ್ದವರಿಗೆ ಈ ಅಳತೆಯೇ ನಿರಾಸೆ ತರಬಹುದು, ಏಕೆಂದರೆ ಮೋಟಾರು ನೆಲದ ಆಳದಲ್ಲಿದ್ದು ಮೇಲಕ್ಕೆ ಬರುವ ಕಂಪನ ಕಡಿಮೆ. ಹಳ್ಳದ ದಡದ ಮಾನೋಬ್ಲಾಕ್ ಪಂಪ್, ಅಡಿಕೆ ಸುಲಿಯುವ ಯಂತ್ರ, ಅಕ್ಕಿ ಗಿರಣಿ ಇವು ಹೆಚ್ಚು ಅನುಕೂಲ.

ಪೀಜೋ ಒಳ್ಳೇದೋ, ಅಯಸ್ಕಾಂತ ಮತ್ತು ಸುರುಳಿ ಒಳ್ಳೇದೋ?

ಅಂಗೈಯಗಲದ ಜಾಗ ಸಿಕ್ಕರೆ ಅಯಸ್ಕಾಂತ ಮತ್ತು ಸುರುಳಿಯನ್ನು ಆರಿಸಿ. ತೆಳ್ಳಗೆ, ಚಿಕ್ಕದಾಗಿರಬೇಕಾದರೆ ಪೀಜೋ ಆರಿಸಿ. ಸುರುಳಿಯ ದೋಷವೆಂದರೆ ಸಾಧನ ಕಿರಿದಾದಂತೆ ವೋಲ್ಟೇಜ್ ಬೇಗ ಕುಸಿಯುವುದು. ಪ್ರವಾಹವನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡ್ ದಾಟುವಷ್ಟೂ ಅದು ಏಳದೆ ಹೋಗಬಹುದು. ಪೀಜೋದಲ್ಲಿ ವೋಲ್ಟೇಜ್ ಧಾರಾಳ, ಪ್ರವಾಹ ಅತ್ಯಲ್ಪ. ಪಿಜೆಡ್‌ಟಿ ಎಂಬ ಸೆರಾಮಿಕ್ ಹೆಚ್ಚು ಆವೇಶ ಕೊಡುತ್ತದೆ, ಆದರೆ ಗಾಜಿನಂತೆ ಒಡೆಯುತ್ತದೆ, ಮತ್ತು ಅದರ ತೂಕದ ಅರ್ಧಕ್ಕಿಂತ ಹೆಚ್ಚು ಭಾಗ ಸೀಸ. ಒಡೆದ ಚೂರನ್ನು ತೋಟದಲ್ಲಿ ಬಿಸಾಡಬಾರದು. ಪಿವಿಡಿಎಫ್ ಎಂಬ ಪ್ಲಾಸ್ಟಿಕ್ ಹಾಳೆ ಬಾಗುತ್ತದೆ, ಒಡೆಯುವುದಿಲ್ಲ, ಆದರೆ ಅದೇ ಬಲಕ್ಕೆ ಪಿಜೆಡ್‌ಟಿ ಕೊಡುವ ಆವೇಶದ ಸುಮಾರು ಹತ್ತರಲ್ಲೊಂದು ಪಾಲನ್ನಷ್ಟೇ ಕೊಡುತ್ತದೆ.

ಏನನ್ನು ಹೆಚ್ಚಿಸಿದರೆ ಸಾಮರ್ಥ್ಯ ಹೆಚ್ಚುತ್ತೆ? ಸೂತ್ರ ಹೇಳಿ.

ಸ್ಪ್ರಿಂಗ್, ತೂಕ, ಅವಮಂದನ (ಆಟವನ್ನು ತಗ್ಗಿಸುವ ತಡೆ) ಇಷ್ಟನ್ನೇ ಇಟ್ಟುಕೊಂಡು ವಿಲಿಯಮ್ಸ್ ಮತ್ತು ಯೇಟ್ಸ್ 1996ರಲ್ಲಿ ಪ್ರಕಟಿಸಿದ ಮಾದರಿ ಇಂದಿಗೂ ಆರಂಭದ ಮೆಟ್ಟಿಲು. ಸಾಧನದ ಸಹಜ ಆವೃತ್ತಿ ಯಂತ್ರದ ಆವೃತ್ತಿಗೆ ಸರಿಹೊಂದಿ, ವಿದ್ಯುತ್ ತೆಗೆಯುವುದರಿಂದಾಗುವ ಅವಮಂದನವು ಯಾಂತ್ರಿಕ ಅವಮಂದನಕ್ಕೆ ಸಮನಾದಾಗ ಗರಿಷ್ಠ ಸಾಮರ್ಥ್ಯ ಸಿಗುತ್ತದೆ. ಅದನ್ನು ಹೀಗೆ ಲೆಕ್ಕ ಹಾಕಬೇಕು: ತೂಗುವ ದ್ರವ್ಯರಾಶಿಯನ್ನು ವೇಗೋತ್ಕರ್ಷದ ಪಾರದ (ನಡುವಿನಿಂದ ತುದಿಯವರೆಗಿನ ಗರಿಷ್ಠ ಮೌಲ್ಯದ) ವರ್ಗದಿಂದ ಗುಣಿಸಿ, ಬಂದದ್ದನ್ನು 16, ಯಾಂತ್ರಿಕ ಅವಮಂದನ ಅನುಪಾತ ಮತ್ತು ಕೋನೀಯ ಆವೃತ್ತಿ ಈ ಮೂರರ ಗುಣಲಬ್ಧದಿಂದ ಭಾಗಿಸಬೇಕು.

ಉದಾಹರಣೆಗೆ 10 ಗ್ರಾಂ ತೂಕ, 1 ಮೀಟರ್ ಪ್ರತಿ ಸೆಕೆಂಡ್ ವರ್ಗದ ವೇಗೋತ್ಕರ್ಷ, 48 ಹರ್ಟ್ಜ್, ಅವಮಂದನ ಅನುಪಾತ 0.01 ಎಂದಿಟ್ಟುಕೊಂಡರೆ ಸುಮಾರು 0.2 ಮಿಲಿವಾಟ್ ಬರುತ್ತದೆ. ತೂಕ ಆಡುವ ಪಾರ 0.27 ಮಿಲಿಮೀಟರ್. ದ್ರವ್ಯರಾಶಿ ಎರಡು ಪಟ್ಟಾದರೆ ಸಾಮರ್ಥ್ಯವೂ ಎರಡು ಪಟ್ಟು. ಆದ್ದರಿಂದ ಜಾಗ ಸೀಮಿತವಾಗಿದ್ದಾಗ ಉಕ್ಕಿನ ಬದಲು ಅದರ ಎರಡೂವರೆ ಪಟ್ಟು ಸಾಂದ್ರತೆಯ ಟಂಗ್‌ಸ್ಟನ್ ಬಳಸುವುದು ಸುಲಭವಾದ, ನಂಬಿಕಸ್ಥ ಸುಧಾರಣೆ. ಅವಮಂದನವನ್ನು ನಾಲ್ಕನೇ ಒಂದಕ್ಕೆ ಇಳಿಸಿದರೂ ಕಾಗದದ ಮೇಲೆ ಸಾಮರ್ಥ್ಯ ನಾಲ್ಕು ಪಟ್ಟು, ಅಂದರೆ 0.83 ಮಿಲಿವಾಟ್ ಆಗುತ್ತದೆ. ಹೆಚ್ಚಿನ ವಿದ್ಯಾರ್ಥಿ ಯೋಜನೆಗಳು ಈ ಎರಡನೆಯ ದಾರಿಯನ್ನೇ ಹಿಡಿಯುತ್ತವೆ. ಅದರ ಬೆಲೆ ಏನೆಂಬುದು ಮುಂದಿನ ಪ್ರಶ್ನೆಯಲ್ಲಿದೆ.

ಮೇಜಿನ ಮೇಲೆ ಚೆನ್ನಾಗಿ ಕೆಲಸ ಮಾಡ್ತಿತ್ತು, ಪಂಪಿಗೆ ಕಟ್ಟಿದ ಮೇಲೆ ಏನೂ ಬರ್ತಿಲ್ಲ. ಯಾಕೆ?

ಅನುರಣನವು ಜೋಕಾಲಿ ತೂಗಿದಂತೆ: ತಳ್ಳುವ ಲಯ ತುಸು ತಪ್ಪಿದರೂ ಬಲವೆಲ್ಲ ವ್ಯರ್ಥ. ಎರಡು ಧ್ರುವ ಜೋಡಿಯ, ಅಂದರೆ ನಾಲ್ಕು ಧ್ರುವದ ಇಂಡಕ್ಷನ್ ಮೋಟಾರು ನಿಮಿಷಕ್ಕೆ 1,500 ಸುತ್ತಿಗಿಂತ ಸ್ವಲ್ಪ ಕಡಿಮೆ, ಎರಡು ಧ್ರುವದ್ದು 3,000ಕ್ಕಿಂತ ಸ್ವಲ್ಪ ಕಡಿಮೆ ತಿರುಗುತ್ತದೆ. ಎಷ್ಟು ಕಡಿಮೆ ಎಂಬುದು ಹೊರೆ ಮತ್ತು ವೋಲ್ಟೇಜನ್ನು ಅವಲಂಬಿಸಿದೆ. ಪಂಪ್ 2,880 ಸುತ್ತಿನಲ್ಲಿದ್ದಾಗ ಕಂಪನ 48 ಹರ್ಟ್ಜ್. ಹಳ್ಳಿಯ ಲೈನಿನಲ್ಲಿ ವೋಲ್ಟೇಜ್ ಇಳಿದು 2,820ಕ್ಕೆ ಬಂದರೆ 47 ಹರ್ಟ್ಜ್.

ಈಗ ಹಿಂದಿನ ಎರಡು ಸಾಧನಗಳನ್ನು ಹೋಲಿಸಿ. ಸಾಮರ್ಥ್ಯ ಅರ್ಧಕ್ಕೆ ಇಳಿಯುವ ಎರಡು ಆವೃತ್ತಿಗಳ ನಡುವಿನ ಅಗಲ ಮೊದಲನೆಯದರಲ್ಲಿ ಸುಮಾರು 1.9 ಹರ್ಟ್ಜ್, ಅವಮಂದನ ಇಳಿಸಿದ ಎರಡನೆಯದರಲ್ಲಿ 0.5 ಹರ್ಟ್ಜ್‌ಗಿಂತ ಕಡಿಮೆ. 47 ಹರ್ಟ್ಜ್‌ಗೆ ಬಂದಾಗ ಮೊದಲನೆಯದು ಸುಮಾರು 0.1 ಮಿಲಿವಾಟ್ ಕೊಡುತ್ತಲೇ ಇರುತ್ತದೆ, 0.83 ಕೊಡುತ್ತಿದ್ದ ಎರಡನೆಯದು 0.05ಕ್ಕಿಂತ ಕೆಳಗೆ ಬೀಳುತ್ತದೆ. ಪ್ರಯೋಗಾಲಯದ ನಕ್ಷೆಯಲ್ಲಿ ಗೆದ್ದದ್ದು ಪಂಪುಮನೆಯಲ್ಲಿ ಸೋಲುವುದು ಹೀಗೆ. ಗರಿಷ್ಠ ಸಾಮರ್ಥ್ಯವನ್ನು ಗುರಿಯಾಗಿ ಇಟ್ಟುಕೊಳ್ಳುವುದೇ ಈ ಕ್ಷೇತ್ರದ ದೊಡ್ಡ ದಾರಿತಪ್ಪು ಎಂಬುದು ನನ್ನ ದೃಢ ಅಭಿಪ್ರಾಯ. ಒಂದು ದಿನದಲ್ಲಿ ಒಟ್ಟು ಎಷ್ಟು ಜೂಲ್ ಕೂಡಿತು ಎಂಬುದೇ ಗುರಿಯಾಗಬೇಕು.

ಇನ್ನೊಂದು ಉಪಾಯವಿದೆ. ಮೋಟಾರಿನ ಕಾಂತಕ್ಷೇತ್ರದ ಎಳೆತದಿಂದ ಹುಟ್ಟುವ ಕಂಪನ 100 ಹರ್ಟ್ಜ್‌ನಲ್ಲಿರುತ್ತದೆ. ಇದು ಲೈನಿನ 50 ಹರ್ಟ್ಜ್‌ನ ಎರಡರಷ್ಟು. ಮೋಟಾರು ಎಷ್ಟು ನಿಧಾನವಾದರೂ ಇದು ಕದಲುವುದಿಲ್ಲ. ಸೆಕೆಂಡಿಗೆ 200ಕ್ಕಿಂತ ಹೆಚ್ಚು ಮಾದರಿ ತೆಗೆದ ಅಳತೆಯಲ್ಲಿ 100 ಹರ್ಟ್ಜ್‌ನ ಗೆರೆ ಬಲವಾಗಿದ್ದರೆ ಅದಕ್ಕೆ ಹೊಂದಿಸುವುದು ಜಾಣತನ. ಅದೇ ವೇಗೋತ್ಕರ್ಷಕ್ಕೆ ಸಾಮರ್ಥ್ಯ ಅರ್ಧವಾಗುತ್ತದೆ, ನಿಜ; ಆದರೆ ಇಡೀ ದಿನ ಸಿಗುತ್ತದೆ.

ಕೈಯಿಂದ ಹೊಂದಿಸುವಾಗ ನೆನಪಿಡಬೇಕಾದದ್ದು: ಒಂದು ತುದಿ ಬಿಗಿದು ಇನ್ನೊಂದು ತುದಿಯಲ್ಲಿ ಭಾರ ಇಟ್ಟ, ಸ್ಪ್ರಿಂಗಿನ ಕೆಲಸ ಮಾಡುವ ಪಟ್ಟಿಯ ಉದ್ದ ಶೇಕಡಾ 1ರಷ್ಟು ಹೆಚ್ಚಿದರೆ ಆವೃತ್ತಿ ಶೇಕಡಾ 1.5ರಷ್ಟು ಇಳಿಯುತ್ತದೆ, ದಪ್ಪ ಶೇಕಡಾ 1ರಷ್ಟು ಹೆಚ್ಚಿದರೆ ಅಷ್ಟೇ ಏರುತ್ತದೆ. ತುದಿಯ ಭಾರ ಶೇಕಡಾ 1ರಷ್ಟು ಹೆಚ್ಚಿದರೆ ಇಳಿಯುವುದು ಶೇಕಡಾ 0.5 ಮಾತ್ರ. ಒರಟು ಹೊಂದಿಕೆಯನ್ನು ಉದ್ದದಿಂದಲೂ ನಯವಾದ ಹೊಂದಿಕೆಯನ್ನು ಭಾರದಿಂದಲೂ ಮಾಡಿ.

ಪಂಪ್ ಜಾಸ್ತಿ ನಡುಗಿದಷ್ಟೂ ನಮಗೆ ಲಾಭ ಅಲ್ವಾ?

ಹೆಚ್ಚು ನಡುಗುವ ಪಂಪ್ ಕಾಯಿಲೆಯ ಪಂಪ್. ಬೇರಿಂಗ್ ಸವೆದಿರಬಹುದು, ಪಾದದ ಬೋಲ್ಟ್ ಸಡಿಲವಾಗಿರಬಹುದು. ಅದನ್ನು ದುರಸ್ತಿ ಮಾಡಿಸಿದ ದಿನವೇ ನಿಮ್ಮ ಸಂವೇದಕಕ್ಕೆ ಉಪವಾಸ. ಆದ್ದರಿಂದ ಆರೋಗ್ಯವಂತ ಯಂತ್ರದ ಕಂಪನಕ್ಕೇ ವಿನ್ಯಾಸ ಮಾಡಬೇಕು, ಕೆಟ್ಟ ಸ್ಥಿತಿಯಲ್ಲಿ ಪಟ್ಟಿ ಮುರಿಯದಂತೆ ಎರಡೂ ಬದಿ ರಬ್ಬರಿನ ತಡೆ ಇಡಬೇಕು.

ನಮ್ಮ ಮಳೆಗಾಲಕ್ಕೆ ಇದು ತಡೆಯುತ್ತಾ?

ಹಾಗೇ ಬಿಟ್ಟರೆ ತಡೆಯುವುದಿಲ್ಲ. ತಿಂಗಳುಗಟ್ಟಲೆ ಗೋಡೆಯೇ ಬೆವರುವ ಹವೆಯಲ್ಲಿ ಪೀಜೋ ತುಣುಕಿನ ಅಂಚಿನ ಮೇಲೆ ತೇವದ ಪದರ ಕೂತು, ಹುಟ್ಟಿದ ಆವೇಶ ಅಲ್ಲಿಂದಲೇ ಸೋರಿಹೋಗುತ್ತದೆ. ಬೆಳ್ಳಿಯ ಲೇಪನವಿದ್ದರೆ ತೇವ ಮತ್ತು ಏಕಮುಖ ವೋಲ್ಟೇಜ್ ಸೇರಿ ಬೆಳ್ಳಿ ಅಂಚಿನಗುಂಟ ಹರಿದು ಶಾರ್ಟ್ ಆಗಬಹುದು. ತುಣುಕಿಗೂ ಸರ್ಕ್ಯೂಟಿಗೂ ತೆಳುವಾದ ರಕ್ಷಣಾ ಲೇಪನ ಕೊಟ್ಟು, ರಬ್ಬರ್ ಅಂಚಿನ ಡಬ್ಬಿಯಲ್ಲಿ ಮುಚ್ಚಿ, ಒಳಗೆ ತೇವ ಹೀರುವ ಸಿಲಿಕಾ ಚೀಲ ಇಡಿ. ಲೇಪನ ದಪ್ಪವಾದರೆ ಅವಮಂದನ ಹೆಚ್ಚುತ್ತದೆ, ಆವೃತ್ತಿಯೂ ಸರಿಯುತ್ತದೆ. ಆದ್ದರಿಂದ ಕೊನೆಯ ಹೊಂದಿಕೆಯನ್ನು ಲೇಪನ ಒಣಗಿದ ಮೇಲೆಯೇ ಮಾಡಬೇಕು. ಸಾದಾ ಸ್ಪ್ರಿಂಗ್ ಉಕ್ಕು ತುಕ್ಕು ಹಿಡಿಯುತ್ತದೆ. ಸ್ಟೇನ್‌ಲೆಸ್ ಅಥವಾ ಫಾಸ್ಫರ್ ಕಂಚು ಲೇಸು. ಸಾಮಾನ್ಯ ದರ್ಜೆಯ ನಿಯೋಡಿಮಿಯಂ ಅಯಸ್ಕಾಂತ 80 ಡಿಗ್ರಿ ಸೆಲ್ಸಿಯಸ್ ದಾಟಿದರೆ ಬಲ ಕಳೆದುಕೊಳ್ಳುತ್ತದೆಯಾದ್ದರಿಂದ ಬಿಸಿಯಾಗುವ ಮೋಟಾರಿನ ಮೈಯನ್ನೂ ಗಮನಿಸಿ.

ಇದಕ್ಕಿಂತ ಆಳವಾದ ತೊಂದರೆ ಬೇರೊಂದಿದೆ. ಮಳೆಗಾಲದಲ್ಲಿ ತೋಟದ ಪಂಪ್ ಓಡುವುದೇ ಇಲ್ಲ. ಕೊಳೆ ರೋಗದ ಮುನ್ಸೂಚನೆಗೆ ಎಲೆಯ ತೇವ ಅಳೆಯುವ ಸಂವೇದಕವನ್ನು ಪಂಪಿನ ಕಂಪನದಿಂದ ನಡೆಸುತ್ತೇವೆ ಎಂಬ ಯೋಜನೆಗಳನ್ನು ಕೈಬಿಡುವುದು ಒಳ್ಳೆಯದು, ಏಕೆಂದರೆ ಅಳತೆ ಬೇಕಾದ ತಿಂಗಳುಗಳಲ್ಲೇ ಮೂಲ ಬತ್ತಿರುತ್ತದೆ. ನಡುಗುವ ಯಂತ್ರದ ಮೇಲೆಯೇ ಕಣ್ಣಿಡುವ ಸಂವೇದಕಕ್ಕೆ ಈ ತೊಡಕಿಲ್ಲ. ಯಂತ್ರ ನಿಂತಾಗ ಅದಕ್ಕೂ ಕೆಲಸವಿಲ್ಲ.

## ಮುಂದುವರಿದ ಪ್ರಶ್ನೆಗಳು

ಎಷ್ಟು ಓಮ್ ಲೋಡ್ ಹಾಕಬೇಕು?

ಜೋಡಣೆ (ಚಲನೆಗೂ ವಿದ್ಯುತ್ತಿಗೂ ಇರುವ ನಂಟು) ದುರ್ಬಲವಾಗಿರುವ ಪೀಜೋಕ್ಕೆ ಕೋನೀಯ ಆವೃತ್ತಿ ಮತ್ತು ಧಾರಕತ್ವದ ಗುಣಲಬ್ಧದ ವ್ಯುತ್ಕ್ರಮವೇ ಉತ್ತಮ ರೋಧ. 50 ನ್ಯಾನೋಫ್ಯಾರಡ್ ತುಣುಕಿಗೆ 50 ಹರ್ಟ್ಜ್‌ನಲ್ಲಿ ಅದು ಸುಮಾರು 64 ಕಿಲೋ ಓಮ್. ಡಯೋಡ್ ಸೇತುವೆ ಸೇರಿದಾಗ ಇದು ಸುಮಾರು ಒಂದೂವರೆ ಪಟ್ಟಾಗುತ್ತದೆ. ಆಗ ಕೆಪಾಸಿಟರಿನ ವೋಲ್ಟೇಜ್ ತೆರೆದ ಸ್ಥಿತಿಯ ವೋಲ್ಟೇಜಿನ ಅರ್ಧದ ಹತ್ತಿರ ನಿಲ್ಲಬೇಕು. ಸುರುಳಿಯಲ್ಲಿ ಲೋಡನ್ನು ಸುರುಳಿಯ ರೋಧಕ್ಕೆ ಸಮ ಮಾಡಿದರೆ ಸಾಕೆಂಬ ನಂಬಿಕೆ ವ್ಯಾಪಕವಾಗಿದೆ, ಆದರೆ ತಪ್ಪು. ಅನುರಣನದಲ್ಲಿ ಸುರುಳಿಯ ರೋಧಕ್ಕೆ ಇನ್ನೊಂದು ಮೊತ್ತವನ್ನು ಕೂಡಿಸಬೇಕು: ವಿದ್ಯುತ್ಕಾಂತೀಯ ಜೋಡಣೆಯ ಗುಣಾಂಕದ ವರ್ಗವನ್ನು ಯಾಂತ್ರಿಕ ಅವಮಂದನದ ಗುಣಾಂಕದಿಂದ ಭಾಗಿಸಿದಷ್ಟು. ಅಯಸ್ಕಾಂತ ಬಲವಾದಷ್ಟೂ ಈ ಎರಡನೆಯ ಮೊತ್ತವೇ ದೊಡ್ಡದಾಗುತ್ತದೆ.

ಇನ್ನೂ ಒಳ್ಳೆಯ ಪೀಜೋ, ಸ್ವಿಚ್ ಮಾಡುವ ಸರ್ಕ್ಯೂಟ್ ಹಾಕಿದರೆ ಸಾಮರ್ಥ್ಯ ಏರುತ್ತಲೇ ಹೋಗುತ್ತಾ?

ಇಲ್ಲ, ಮೇಲೆ ಒಂದು ಛಾವಣಿ ಇದೆ. ಜೋಡಣೆ ದುರ್ಬಲವಾಗಿರುವಾಗ ವಸ್ತು ಸುಧಾರಿಸಿದರೆ ಸಾಮರ್ಥ್ಯ ಏರುತ್ತದೆ. ವಿದ್ಯುತ್ ಅವಮಂದನವು ಯಾಂತ್ರಿಕ ಅವಮಂದನಕ್ಕೆ ಸಮನಾಗಬಲ್ಲ ಹಂತ ತಲುಪಿದ ಮೇಲೆ ಇನ್ನಷ್ಟು ಬಲವಾದ ಪೀಜೋ ಗರಿಷ್ಠವನ್ನು ಏರಿಸುವುದಿಲ್ಲ, ಒಂದು ಶಿಖರವನ್ನು ಎರಡಾಗಿ ಒಡೆಯುತ್ತದೆ ಅಷ್ಟೆ. ಕಂಪನದ ತುದಿಯಲ್ಲಿ ಸುರುಳಿಯ ಮೂಲಕ ಆವೇಶವನ್ನು ತಿರುಗಿಸುವ ಸ್ವಿಚ್ ಸರ್ಕ್ಯೂಟ್‌ಗಳೂ ಹೀಗೆಯೇ: ದುರ್ಬಲ ಜೋಡಣೆಯಲ್ಲಿ ಅವು ಹಲವು ಪಟ್ಟು ಕೊಡುತ್ತವೆ, ಬಲವಾದ ಜೋಡಣೆಯಲ್ಲಿ ಸ್ವಿಚ್ಚಿಗೆ ಬೇಕಾದ ಶಕ್ತಿಯೂ ನಷ್ಟ. ಹೊಸಬರು ಎಲ್‌ಟಿಸಿ 3588ರಂಥ ಸಿದ್ಧ ಚಿಪ್‌ನಿಂದ ಆರಂಭಿಸುವುದು ಮೇಲು; ಹೊರೆ ಇಲ್ಲದಾಗ ಅದು ತನಗಾಗಿ ಬಳಸಿಕೊಳ್ಳುವುದು 1 ಮೈಕ್ರೋಆಂಪಿಯರ್‌ಗಿಂತ ಕಡಿಮೆ.

ಅಯಸ್ಕಾಂತ ಇಟ್ಟು ದ್ವಿಸ್ಥಿರ ಮಾಡಿದರೆ ಎಲ್ಲ ಆವೃತ್ತಿಯಲ್ಲೂ ಬರುತ್ತಂತಲ್ಲ?

ಪಟ್ಟಿಯ ತುದಿಗೆ ಎದುರಾಗಿ ವಿಕರ್ಷಿಸುವ ಅಯಸ್ಕಾಂತ ಇಟ್ಟರೆ ಅದಕ್ಕೆ ಎರಡು ನೆಲೆಗಳಾಗುತ್ತವೆ, ಒಂದರಿಂದ ಇನ್ನೊಂದಕ್ಕೆ ಜಿಗಿಯುವಾಗ ಅಗಲವಾದ ಆವೃತ್ತಿ ವ್ಯಾಪ್ತಿಯಲ್ಲಿ ವಿದ್ಯುತ್ ಸಿಗುತ್ತದೆ. ಆದರೆ ನಡುವಿನ ದಿಬ್ಬ ದಾಟುವಷ್ಟು ಬಲವಾದ ಕಂಪನ ಬೇಕು. ಶಾಂತವಾಗಿ ತಿರುಗುವ ಪಂಪಿನಲ್ಲಿ ಪಟ್ಟಿ ಒಂದೇ ನೆಲೆಯಲ್ಲಿ ಕೂತು ಸಾಮಾನ್ಯ ಸಾಧನಕ್ಕಿಂತ ಕಡಿಮೆ ಕೊಡುತ್ತದೆ. ಬಿಗಿಯಾಗುತ್ತ ಹೋಗುವ ಸ್ಪ್ರಿಂಗ್ ಬಳಸಿದವರು ಇನ್ನೊಂದು ಎಚ್ಚರ ವಹಿಸಬೇಕು. ಒಂದೇ ಆವೃತ್ತಿಯಲ್ಲಿ ದೊಡ್ಡ ಪಾರದ್ದೊಂದು, ಸಣ್ಣ ಪಾರದ್ದೊಂದು, ಹೀಗೆ ಎರಡು ಸ್ಥಿರ ಸ್ಥಿತಿಗಳು ಇರಬಲ್ಲವು. ಆವೃತ್ತಿಯನ್ನು ನಿಧಾನವಾಗಿ ಏರಿಸುತ್ತ ಅಳೆದರೆ ದೊಡ್ಡದು ಕಾಣುತ್ತದೆ, ಇಳಿಸುತ್ತ ಅಳೆದರೆ ಸಣ್ಣದು. ಏರಿಕೆಯ ನಕ್ಷೆ ಮಾತ್ರ ತೋರಿಸುವ ವರದಿಯನ್ನು ಪೂರ್ಣ ನಂಬಬಾರದು.

ಜೆನೆಟಿಕ್ ಅಲ್ಗಾರಿದಮ್‌ಗೆ ಯಾವ ಗುರಿ ಕೊಡಬೇಕು?

ಹಲವು ವಿನ್ಯಾಸಗಳನ್ನು ಬೆರೆಸಿ, ಒಳ್ಳೆಯದನ್ನು ಆರಿಸುತ್ತ ಹೋಗುವ ಈ ಕಂಪ್ಯೂಟರ್ ವಿಧಾನಕ್ಕೆ ನೀವು ಅಳೆದ ಇಡೀ ದಿನದ ವೇಗದ ಹಂಚಿಕೆಯನ್ನು ಕೊಡಿ: ಪ್ರತಿ ಆವೃತ್ತಿಯಲ್ಲಿ ಸಿಗುವ ಸಾಮರ್ಥ್ಯವನ್ನು ಪಂಪ್ ಆ ಆವೃತ್ತಿಯಲ್ಲಿ ಕಳೆದ ಸಮಯದಿಂದ ಗುಣಿಸಿ ಕೂಡಿಸಿದ ಮೊತ್ತ ಗರಿಷ್ಠವಾಗಬೇಕು. ಉದ್ದ, ಅಗಲ, ದಪ್ಪ, ತುದಿಯ ಭಾರ ಮತ್ತು ಲೋಡನ್ನು ಒಟ್ಟಿಗೇ ಬದಲಿಸಬೇಕು, ಏಕೆಂದರೆ ಲೋಡ್ ಬದಲಾದರೆ ಅವಮಂದನವೂ ಬದಲಾಗುತ್ತದೆ. ಪೀಜೋದಲ್ಲಿನ ವಿಕೃತಿ (ಹಿಗ್ಗುವಿಕೆ, ಕುಗ್ಗುವಿಕೆ), ಡಬ್ಬಿಯ ಒಳಜಾಗ, ಇವೆರಡನ್ನೂ ಮಿತಿಗಳಾಗಿ ಹಾಕದಿದ್ದರೆ ಕಂಪ್ಯೂಟರ್ ತೆಳ್ಳಗಿನ, ಉದ್ದನೆಯ, ಮೊದಲ ದಿನವೇ ಮುರಿಯುವ ಪಟ್ಟಿಯನ್ನು ಸೂಚಿಸುತ್ತದೆ. ಆಯತಾಕಾರದ ಪಟ್ಟಿಯಲ್ಲಿ ವಿಕೃತಿಯೆಲ್ಲ ಬುಡದಲ್ಲಿ ಸೇರುತ್ತದೆ. ಬುಡ ಅಗಲ, ತುದಿ ಕಿರಿದಾದ ಆಕಾರ ಅದನ್ನು ಹರಡಿ ಕಡಿಮೆ ಪೀಜೋದಲ್ಲಿ ಹೆಚ್ಚು ಕೆಲಸ ತೆಗೆಯುತ್ತದೆ. ಕೊನೆಗೆ ದಪ್ಪವನ್ನು ತಯಾರಿಕೆಯಲ್ಲಿ ಆಗುವಷ್ಟು ಹೆಚ್ಚುಕಡಿಮೆ ಮಾಡಿ ಮತ್ತೆ ಲೆಕ್ಕ ಹಾಕಿ. ಉತ್ತರ ಕುಸಿದರೆ ಆ ವಿನ್ಯಾಸವನ್ನು ಬಿಡಿ.

ಎಲ್ಲ ಸೇರಿ ದಿನಕ್ಕೆ ಎಷ್ಟು ಸಂದೇಶ ಕಳಿಸಬಹುದು?

ಸರ್ಕ್ಯೂಟಿನ ನಷ್ಟ ಕಳೆದು 0.1 ಮಿಲಿವಾಟ್ ಉಳಿಯಿತು, ಪಂಪ್ ದಿನಕ್ಕೆ 4 ಗಂಟೆ ಓಡಿತು ಎಂದಿಟ್ಟುಕೊಳ್ಳಿ: ಕೈಗೆ ಬಂದದ್ದು 1.44 ಜೂಲ್. ಪರವಾನಗಿ ಬೇಡದ 865ರಿಂದ 868 ಮೆಗಾಹರ್ಟ್ಜ್ ಪಟ್ಟಿಯಲ್ಲಿ, ಕಡಿಮೆ ವಿದ್ಯುತ್ತಿನಲ್ಲಿ ದೂರಕ್ಕೆ ಕಳಿಸುವ ಲೋರಾ ರೇಡಿಯೋದ ಒಂದು ಸಂದೇಶಕ್ಕೆ, ಅಳತೆಯೂ ಸೇರಿ, 0.03 ಜೂಲ್ ಎಂದು ಹಿಡಿಯೋಣ. ಚಿಪ್ ದಿನವಿಡೀ 6 ಮೈಕ್ರೋವಾಟ್‌ನಲ್ಲಿ ನಿದ್ರಿಸಿದರೂ ಅದಕ್ಕೇ 0.52 ಜೂಲ್ ಹೋಗುತ್ತದೆ, ಉಳಿದದ್ದರಲ್ಲಿ ಸುಮಾರು 30 ಸಂದೇಶ. ಪಂಪ್ ನಿಂತಾಗ ಚಿಪ್ಪನ್ನೂ ಪೂರ್ಣ ಆರಿಸಿದರೆ ಸುಮಾರು 45 ಸಂದೇಶ, ಅಂದರೆ ಓಡುವಾಗ ಸುಮಾರು ಐದು ನಿಮಿಷಕ್ಕೊಂದು. 5ರಿಂದ 3 ವೋಲ್ಟ್‌ಗೆ ಇಳಿಯುವಾಗ 0.03 ಜೂಲ್ ಕೊಡಲು 4,700 ಮೈಕ್ರೋಫ್ಯಾರಡ್ ಕೆಪಾಸಿಟರ್ ಸಾಕು. ಆದರೆ 5 ವೋಲ್ಟ್‌ನಲ್ಲಿ 0.1 ಮಿಲಿವಾಟ್ ಎಂದರೆ ಬರೇ 20 ಮೈಕ್ರೋಆಂಪಿಯರ್. ಅಗ್ಗದ ಎಲೆಕ್ಟ್ರೊಲಿಟಿಕ್ ಕೆಪಾಸಿಟರಿನ ಸೋರಿಕೆಯೇ ಅದನ್ನು ಕುಡಿದುಬಿಡಬಹುದು. ಹಾಕುವ ಮೊದಲು ಸೋರಿಕೆಯನ್ನು ಅಳೆಯಿರಿ.

ಖಾಲಿಯಾದ ಈ ಕೆಪಾಸಿಟರ್ 5 ವೋಲ್ಟ್‌ಗೆ ತುಂಬಲು ಸುಮಾರು ಹತ್ತು ನಿಮಿಷ ಬೇಕು. ಪಂಪ್ ಚಾಲೂ ಆದ ಮೇಲೆ ಅಷ್ಟು ಹೊತ್ತು ಸಂವೇದಕ ಮೂಕವಾಗಿರುತ್ತದೆ. ಆದ್ದರಿಂದ ಬೇರಿಂಗಿನ ಬಿಸಿ, ಕಂಪನದ ಏರಿಕೆಯಂಥ ನಿಧಾನದ ಬದಲಾವಣೆಗಳನ್ನು ಇದಕ್ಕೆ ವಹಿಸಬಹುದು; ನೀರಿಲ್ಲದೆ ಪಂಪ್ ಒಣಗಿ ಓಡುವುದನ್ನು ತಡೆಯುವ ಕೆಲಸವನ್ನು ಲೈನಿನಿಂದಲೇ ನಡೆಯುವ ರಿಲೇಗೆ ಬಿಡಬೇಕು.